ಹತ್ತೊಂಬತ್ತು ವರ್ಷ ಏಳು ತಿಂಗಳು

ಮೈಸೂರು
ಭಾನುವಾರ ಬೆಳಿಗ್ಗೆ

ಚಿರಂಜೀವಿ ಪುಟ್ಟನಿಗೆ,

ನಿನ್ನ ತಾತ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಮಳೆ ನಿಂತ ಮೇಲೆ ನಿನ್ನ ಅಜ್ಜಿಯ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ. ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುವಷ್ಟು ಓಡಾಡುತ್ತಾಳೆ.

ನೀನು ಕಳಿಸಿದ ಭಾಷಣವನ್ನು ಮೂರು ಸಲ ಓದಿದೆ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಸರಿ ತಾತ, ಸರಿ ತಾತ" ಅಂದುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮುಗಿದ ಮೇಲೆ ಹಾಳೆಗಳ ಫೋಟೋ ತೆಗೆದು ಅಮ್ಮನ ಫೋನಿಗೆ ಹಾಕುತ್ತೇನೆ. ನೀನು ಭಾಷಣ ಮಾಡುವ ನವೆಂಬರ್ 11ಕ್ಕೆ, ಅಂದರೆ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನಕ್ಕೆ, ಇನ್ನೂ ಸಮಯವಿದೆ. ಯೋಚನೆ ಮಾಡಲು ನಿನಗೆ ಸಮಯ ಸಿಗುತ್ತದೆ.

ಮೊದಲು ಸಂತೋಷದ ಮಾತು. ನಿಮ್ಮ ಮೇಷ್ಟ್ರು ಇಡೀ ಶಾಲೆಯ ಮುಂದೆ ಮಾತಾಡು ಅಂತ ನಿನ್ನನ್ನು ಕೇಳಿದ್ದು ನನಗೆ ಹೆಮ್ಮೆ. ನೀನು ಮೊದಲ ಮಹಾಯುದ್ಧದ ಪೈಲಟ್ ಇಂದ್ರಲಾಲ್ ರಾಯ್ ಅವರನ್ನು ಆರಿಸಿಕೊಂಡಿದ್ದು ಇನ್ನೂ ಹೆಮ್ಮೆ. ಆ ಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74 ಸಾವಿರ. ಅಷ್ಟು ಜನರಲ್ಲಿ ನಿನ್ನ ಹಾಗೆ ಚಿಕ್ಕ ವಯಸ್ಸಿಗೇ ಲಂಡನ್ನಿಗೆ ಹೋಗಿ, ಅಲ್ಲೇ ಸ್ಕೂಲಿಗೆ ಹೋದ ಹುಡುಗನನ್ನು ಹುಡುಕಿ ತೆಗೆದೆಯಲ್ಲ, ಅದು ಒಳ್ಳೆಯ ಕೆಲಸ.

ಆದರೆ ನಿನ್ನ ಭಾಷಣದಲ್ಲಿ ಎರಡು ವಾಕ್ಯ ನನಗೆ ಮುಳ್ಳಿನ ಹಾಗೆ ಚುಚ್ಚಿದವು. ಒಂದು, "ಅವರು ನಗುನಗುತ್ತಾ ಪ್ರಾಣ ಕೊಟ್ಟರು" ಅಂತ ಬರೆದದ್ದು. ಇನ್ನೊಂದು, ಕೊನೆಯಲ್ಲಿ "ಅವರು ರಕ್ತ ಕೊಟ್ಟಿದ್ದರಿಂದ ನಮಗೂ ಈ ದೇಶದಲ್ಲಿ ಇರುವ ಹಕ್ಕಿದೆ" ಅಂತ ಬರೆದದ್ದು. ಈ ಎರಡರ ಬಗ್ಗೆಯೇ ನನ್ನ ಕಾಗದ.

ನಿನಗೆ ಒಂದು ಹಳೆಯ ಸಂಗತಿ ಹೇಳಬೇಕು. ನಿನ್ನ ಅಮ್ಮನಿಗೂ ಇದು ಪೂರ್ತಿ ಗೊತ್ತಿಲ್ಲ.

ನನಗೊಬ್ಬ ಚಿಕ್ಕಪ್ಪ ಇದ್ದರು. ನಮ್ಮಪ್ಪನ ಕೊನೆಯ ತಮ್ಮ. ಸೈನ್ಯಕ್ಕೆ ಸೇರಿದ್ದರು. 1962ರಲ್ಲಿ ಚೀನಾ ಜೊತೆ ಯುದ್ಧ ಆಯಿತಲ್ಲ, ಆಗ ಈಶಾನ್ಯದ ಗಡಿಯಲ್ಲಿ ತೀರಿಕೊಂಡರು. ವಯಸ್ಸು 21. ಊರಿಗೆ ಬಂದಿದ್ದು ತಂತಿ ಮಾತ್ರ, ದೇಹ ಬರಲಿಲ್ಲ. ನನಗಾಗ 9 ವರ್ಷ. ಆ ತಂತಿಯನ್ನು ಓದಿ ಹೇಳಿದ್ದು ಪೋಸ್ಟ್ ಮಾಸ್ಟರ್. ನಮ್ಮಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ಆಗ ರಾಗಿ ಕೇರುತ್ತಿದ್ದರು. ಕೇಳಿಸಿಕೊಂಡರು. ಮೊರದಲ್ಲಿ ಇದ್ದ ರಾಗಿಯನ್ನು ಪೂರ್ತಿ ಕೇರಿ ಮುಗಿಸಿ, ಆಮೇಲೆ ಒಳಗೆ ಹೋದರು. ಅಳು ಕೇಳಿಸಿದ್ದು ರಾತ್ರಿ.

ಮಾರನೆಯ ವರ್ಷ ಜನವರಿ 26ಕ್ಕೆ ನಮ್ಮ ಶಾಲೆಯಲ್ಲಿ ಒಂದು ಸಭೆ ಮಾಡಿದರು. ಅಜ್ಜಿಯನ್ನು ಕರೆಸಿ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಅವರು ಅದಕ್ಕೆ ಮುಂಚೆ ಕುರ್ಚಿಯಲ್ಲಿ ಕೂತಿದ್ದನ್ನು ನಾನು ನೋಡಿರಲಿಲ್ಲ. ಪಟ್ಟಣದಿಂದ ಬಂದವರೊಬ್ಬರು ಬಹಳ ಹೊತ್ತು ಮಾತಾಡಿದರು. ಚಿಕ್ಕಪ್ಪನ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದರು. "ಈ ವೀರ ನಗುನಗುತ್ತಾ ಪ್ರಾಣ ಬಿಟ್ಟ" ಅಂದರು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಮನೆಗೆ ಬರುವ ದಾರಿಯಲ್ಲಿ ಅಜ್ಜಿ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದರು. "ನಗ್ತಾ ಸತ್ತ ಅಂತ ಅವರಿಗೆ ಯಾರಪ್ಪ ಹೇಳಿದ್ರು? ನನಗಂತೂ ಯಾರೂ ಹೇಳಲಿಲ್ಲ."

ಅಷ್ಟು ಹೊತ್ತು ಮಾತಾಡಿದವರಲ್ಲಿ ಒಬ್ಬರೂ ಅಜ್ಜಿಯ ಹತ್ತಿರ ಬಂದು, ನಿಮ್ಮ ಮಗ ಹೇಗಿದ್ದ ಅಂತ ಕೇಳಲಿಲ್ಲ. ಕೇಳಿದ್ದರೆ ಅಜ್ಜಿ ಹೇಳುತ್ತಿದ್ದರು. ಅವನಿಗೆ ಮುದ್ದೆ ಜೊತೆ ಹುರುಳಿಕಾಳು ಬಸ್ಸಾರು ಇದ್ದರೆ ಬೇರೆ ಏನೂ ಬೇಡ. ಬಾವಿಗೆ ಇಳಿಯಲು ಹೆದರುತ್ತಿದ್ದ. ರಜೆಯಲ್ಲಿ ಬಂದಾಗ ಅಣ್ಣನ ಮಗನಿಗೆ ಸೀಬೆ ಕೊಂಬೆಯಲ್ಲಿ ಒಂದು ಬುಗುರಿ ಕೆತ್ತಿಕೊಟ್ಟ. ಅದಕ್ಕೆ ಮೊಳೆ ಹೊಡೆಯುವಷ್ಟರಲ್ಲಿ ರಜೆ ಮುಗಿಯಿತು. "ಮುಂದಿನ ಸಲ ಬಂದಾಗ ಹೊಡೆದುಕೊಡ್ತೀನಿ, ನೀನು ಹೊಡೆಯಕ್ಕೆ ಹೋಗಿ ಸೀಳಿಬಿಟ್ಟೀಯ" ಅಂತ ಹೇಳಿ ಬಸ್ ಹತ್ತಿದ. ಆ ಬುಗುರಿ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ನೀನು ಚಿಕ್ಕವನಿದ್ದಾಗ ಅದನ್ನು ತೆಗೆದುಕೊಂಡು "ತಾತ, ಇದು ಯಾಕೆ ತಿರುಗಲ್ಲ?" ಅಂತ ಕೇಳಿದ್ದೆ. ಆಗ ಸುಮ್ನೆ ಏನೋ ಹೇಳಿ ಮಾತು ತಪ್ಪಿಸಿದ್ದೆ.

ಈಗ ನಿನ್ನ ಇಂದ್ರಲಾಲ್ ರಾಯ್ ವಿಷಯಕ್ಕೆ ಬರುತ್ತೇನೆ. ನೀನು ಎಷ್ಟು ಒಳ್ಳೆಯ ವಿವರಗಳನ್ನು ಕೈಯಲ್ಲಿ ಇಟ್ಟುಕೊಂಡು ಹಿಂದೆ ಬಿಟ್ಟಿದ್ದೀಯ, ನೋಡು.

ಹುಟ್ಟಿದ್ದು ಕಲ್ಕತ್ತದಲ್ಲಿ, 1898ರ ಡಿಸೆಂಬರ್ 2ರಂದು. ಮನೆಯಲ್ಲಿ ಕರೆಯುತ್ತಿದ್ದದ್ದು "ಲ್ಯಾಡಿ" ಅಂತ. ತಂದೆ ಕಲ್ಕತ್ತದಲ್ಲಿ ಬ್ಯಾರಿಸ್ಟರ್. ತಾಯಿ ಲಲಿತಾ ರಾಯ್ ಮಕ್ಕಳ ಜೊತೆ ಲಂಡನ್ನಿನಲ್ಲಿದ್ದರು. ಈ ತಾಯಿಯ ಬಗ್ಗೆ ನೀನು ಒಂದು ಸಾಲನ್ನೂ ಬರೆದಿಲ್ಲ. ಹೆಂಗಸರಿಗೆ ಮತದ ಹಕ್ಕು ಬೇಕು ಅಂತ 1911ರ ಜೂನ್‌ನಲ್ಲಿ ಲಂಡನ್ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ಹೋಯಿತು. ಅದರಲ್ಲಿ ಸೀರೆ ಉಟ್ಟು ನಡೆದ ಭಾರತದ ಹೆಂಗಸರಲ್ಲಿ ಇವರೂ ಒಬ್ಬರು. ಆಗ ಮಗನಿಗೆ 12 ವರ್ಷ. ಅಮ್ಮ ಬೀದಿಗಿಳಿದು ಹಕ್ಕು ಕೇಳಿದ್ದನ್ನು ಕಂಡು ಬೆಳೆದ ಹುಡುಗ ಅವನು. ನಿನ್ನ ಜೊತೆ ಓದುವ ಹುಡುಗಿಯರಿಗೆ ಇದು ಹೇಳಬೇಕಾದ ಮಾತಲ್ವಾ?

ಓದಿದ್ದು ಸೇಂಟ್ ಪಾಲ್ಸ್ ಶಾಲೆಯಲ್ಲಿ, ಆಗ ಅದು ಹ್ಯಾಮರ್‌ಸ್ಮಿತ್‌ನಲ್ಲಿತ್ತು. 1914ರಲ್ಲಿ ಯುದ್ಧ ಶುರುವಾದಾಗ 15 ವರ್ಷ. ಅಣ್ಣ ಪರೇಶ್‌ಲಾಲ್ ಸೈನ್ಯಕ್ಕೆ ಹೋದರು. ಅವರು ಬದುಕಿ ಬಂದು, ಮುಂದೆ ಕಲ್ಕತ್ತದಲ್ಲಿ ಬಾಕ್ಸಿಂಗ್ ಬೆಳೆಸಿದರು. ತಮ್ಮನಿಗೆ ವಿಮಾನದ ಹುಚ್ಚು. ಆದರೆ ಕಣ್ಣಿನ ಪರೀಕ್ಷೆಯಲ್ಲಿ ಆಗುವುದಿಲ್ಲ ಅಂತ ವಾಪಸ್ ಕಳಿಸಿದರು. ಆಗ ಏನು ಮಾಡಿದ ಗೊತ್ತಲ್ಲ? ತನ್ನ ಮೋಟಾರ್ ಬೈಕ್ ಮಾರಿದ. ಆ ದುಡ್ಡಿನಲ್ಲಿ ದೊಡ್ಡ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು, ಸರಿ ಅನ್ನಿಸಿಕೊಂಡು ಬಂದ. 1917ರ ಜುಲೈನಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಅನ್ನುವ ಆಗಿನ ಬ್ರಿಟಿಷ್ ವಿಮಾನ ಪಡೆಯಲ್ಲಿ ಅಧಿಕಾರಿಯಾದ. ವಯಸ್ಸು 18.

ನಿನಗೆ ಈಗ ಹದಿನೇಳು. ಅಪ್ಪನ ಹಳೇ ಸೈಕಲ್ ಕೊಡಲ್ಲ ಅಂತ ಹೋದ ವರ್ಷ ನೀನು ಎಷ್ಟು ರಂಪ ಮಾಡಿದೆ ಅಂತ ನೆನಪಿದೆ. ಬೈಕ್ ಮಾರಿದ ಆ ಹುಡುಗನ ಮನಸ್ಸು ನನಗಿಂತ ನಿನಗೇ ಜಾಸ್ತಿ ಅರ್ಥವಾಗಬೇಕು. ಇದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ನಿಧಾನವಾಗಿ ಹೇಳು. ಕೇಳುವವರೆಲ್ಲ ನಿನ್ನ ವಯಸ್ಸಿನವರು. ಅವರಿಗೆ ಆ ಬೈಕ್ ಕಣ್ಣಿಗೆ ಕಟ್ಟುತ್ತದೆ.

ಆಮೇಲೆ 1917ರ ಡಿಸೆಂಬರ್ 6. ಫ್ರಾನ್ಸ್‌ನಲ್ಲಿ ಅವನ ವಿಮಾನ ಬಿತ್ತು. ಹತ್ತೊಂಬತ್ತು ತುಂಬಿ ನಾಲ್ಕು ದಿನವಾಗಿತ್ತು ಅಷ್ಟೆ. ಸತ್ತಿದ್ದಾನೆ ಅಂದುಕೊಂಡು ಎಟಾಪ್ಲ್ ಊರಿನ ಆಸ್ಪತ್ರೆಯ ಶವಾಗಾರದಲ್ಲಿ ಮಲಗಿಸಿದರಂತೆ. ಇವನಿಗೆ ಅಲ್ಲಿ ಎಚ್ಚರವಾಗಿ, ಬಾಗಿಲು ಬಡಿದು, ಶಾಲೆಯಲ್ಲಿ ಕಲಿತ ಹರುಕು ಫ್ರೆಂಚ್‌ನಲ್ಲಿ ಕೂಗಿದನಂತೆ. ಕಾವಲಿನವನು ಹೆದರಿ, ಜೊತೆಗೆ ಇನ್ನೊಬ್ಬರು ಬರುವ ತನಕ ಬಾಗಿಲು ತೆಗೆಯಲಿಲ್ಲವಂತೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀನೂ ಅದಕ್ಕೆ ಅರ್ಧ ಪುಟ ಕೊಟ್ಟಿದ್ದೀಯ. ಹೇಳು, ಬೇಡ ಅನ್ನುವುದಿಲ್ಲ. ಆದರೆ ನನಗೆ ಮನಸ್ಸು ನಿಲ್ಲುವುದು ಅದರ ಮುಂದಿನ ತಿಂಗಳುಗಳಲ್ಲಿ. ಗಾಯ ಮಾಯುವಾಗ ಅವನು ಚಿತ್ರ ಬರೆಯುತ್ತಿದ್ದ. ವಿಮಾನಗಳ ಚಿತ್ರ. ಅವುಗಳಲ್ಲಿ ಎಷ್ಟೋ ಇಂದಿಗೂ ಉಳಿದಿವೆ. ಇನ್ನು ಹಾರುವ ಹಾಗಿಲ್ಲ ಅಂತ ವೈದ್ಯರು ಹೇಳಿದ್ದರು. ನೆಲದ ಮೇಲಿನ ಕೆಲಸಕ್ಕೆ ಹಾಕಿದ್ದರು. ಅವನು ಮೇಲಿನವರನ್ನು ಕಾಡಿ ಬೇಡಿ ಮತ್ತೆ ವಿಮಾನ ಹತ್ತಿದ.

ಅವನು ಹಾರಿಸುತ್ತಿದ್ದ ಎಸ್.ಇ.5ಎ ವಿಮಾನ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ್ದು. ಒಬ್ಬನೇ ಕೂರುವುದು. ಮೇಲೆ ತಲೆಗೆ ಸೂರು ಇಲ್ಲ. ಬ್ರಿಟಿಷ್ ಪೈಲಟ್‌ಗಳಿಗೆ ಆಗ ಪ್ಯಾರಾಶೂಟ್ ಕೊಡುತ್ತಿರಲಿಲ್ಲ. ಏನಾದರೂ ಆದರೆ ಹಾರಿಕೊಳ್ಳುವ ದಾರಿಯೇ ಇಲ್ಲ. ಒಂದು ಸಲ ಬಿದ್ದು ಏಟು ತಿಂದವನು ಇದೆಲ್ಲ ಗೊತ್ತಿದ್ದೂ ಮತ್ತೆ ಹತ್ತಿದ. ನೀನು ಧೈರ್ಯ ಅಂತ ಐದು ಸಲ ಬರೆದಿದ್ದೀಯ. ಒಂದು ಸಲವೂ ಬರೆಯಬೇಡ. ಪ್ಯಾರಾಶೂಟ್ ಇರಲಿಲ್ಲ ಅಂತ ಮಾತ್ರ ಹೇಳು.

1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್ ಅನ್ನುವ ವಿಮಾನ ತುಕಡಿ ಸೇರಿದ. ಅಲ್ಲಿ ಅವನ ನಾಯಕ ಜಾರ್ಜ್ ಮ್ಯಾಕೆಲ್ರಾಯ್, ಐರ್ಲೆಂಡಿನವರು. ಜುಲೈ 6ರಿಂದ 19ರ ಒಳಗೆ 10 ವಿಮಾನ ಕೆಡವಿದ ಲೆಕ್ಕ ಅವನ ಹೆಸರಿನಲ್ಲಿದೆ. ಜುಲೈ 8ರಂದು ನಾಲ್ಕೇ ಗಂಟೆಯಲ್ಲಿ ಮೂರು. ನೀನು ಈ ಭಾಗವನ್ನು ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಬರೆದಿದ್ದೀಯ ಮಗು. ಸಿಟ್ಟಾಗಬೇಡ. ಮೊದಲು ಕೆಡವಿದ್ದು ಜರ್ಮನ್ನರ ಹ್ಯಾನೋವರ್ ವಿಮಾನ, ಅದರಲ್ಲಿ ಕೂರುವವರು ಇಬ್ಬರು. ಅವರಿಗೂ ಒಂದು ಊರಿತ್ತು. ಅಲ್ಲೂ ಯಾವುದೋ ಮನೆಗೆ ತಂತಿ ಹೋಗಿರಬಹುದು. ಲೆಕ್ಕ ಹೇಳು, ಅದು ನಿಜವಾಗಿ ನಡೆದದ್ದು. ಆದರೆ ಹೇಳುವಾಗ ದನಿ ಏರಿಸಬೇಡ.

ಜುಲೈ 22ರಂದು ಕಾರ್ವೆ ಊರಿನ ಮೇಲೆ ಜರ್ಮನ್ ಫಾಕರ್ ವಿಮಾನಗಳ ಜೊತೆ ಕಾದಾಟವಾಯಿತು. ಅಲ್ಲಿ ಮುಗಿಯಿತು. ಹತ್ತೊಂಬತ್ತು ವರ್ಷ, ಏಳು ತಿಂಗಳು, ಇಪ್ಪತ್ತು ದಿನ. ಇನ್ನು 112 ದಿನ ಕಳೆದಿದ್ದರೆ ಯುದ್ಧ ನಿಲ್ಲುತ್ತಿತ್ತು. ನಾನು ಕ್ಯಾಲೆಂಡರ್ ಇಟ್ಟುಕೊಂಡು ಎರಡು ಸಲ ಎಣಿಸಿದೆ. ಅವನ ನಾಯಕ ಮ್ಯಾಕೆಲ್ರಾಯ್ ಕೂಡ ಒಂಬತ್ತೇ ದಿನದ ನಂತರ ಹೋದರು. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅನ್ನುವ ಪದಕ ಇವನ ಹೆಸರಿಗೆ ಪ್ರಕಟವಾಗಿದ್ದು ಸೆಪ್ಟೆಂಬರ್‌ನಲ್ಲಿ. ಆ ಪದಕ ಬಂದ ಮೊದಲ ಭಾರತೀಯ. ಬಂದಾಗ ಅವನಿಲ್ಲ.

ಇಷ್ಟು ನಮಗೆ ಗೊತ್ತಿರುವುದು. ಇದರಲ್ಲಿ "ನಗುನಗುತ್ತಾ" ಎಲ್ಲಿದೆ ಪುಟ್ಟ? ಕೊನೆಯ ಗಳಿಗೆಯಲ್ಲಿ ಆ ಹುಡುಗ ಏನು ಅಂದುಕೊಂಡ ಅಂತ ಯಾರಿಗೂ ಹೇಳಿ ಹೋಗಿಲ್ಲ. ಅವನು ಹೇಳದೇ ಇದ್ದದ್ದನ್ನು ನಾವು ಅವನ ಬಾಯಿಗೆ ತುರುಕಬಾರದು. ನಿಮ್ಮಪ್ಪ ನಿನಗೆ "ಬಿಳಿಯರ ಯುದ್ಧಕ್ಕೆ ಬಲಿಯಾದ, ಅದರಲ್ಲಿ ಹೆಮ್ಮೆ ಏನು?" ಅಂತ ಹೇಳಿದರಂತೆ. ನಿಮ್ಮಪ್ಪನ ಮಾತಿನಲ್ಲೂ ನ್ಯಾಯ ಇದೆ. ಆಗ ನಮ್ಮದು ಆಳಿಸಿಕೊಳ್ಳುತ್ತಿದ್ದ ದೇಶ. ಆದರೆ ಅದೂ ಆ ಹುಡುಗ ಹೇಳಿದ ಮಾತಲ್ಲ. ಬ್ರಿಟಿಷರ ವಿಮಾನ ಪಡೆಯಲ್ಲಿ ಆಗ ಹಾರಿದ ಭಾರತೀಯರು ಬೆರಳೆಣಿಕೆ. ಹರ್ದಿತ್ ಸಿಂಗ್ ಮಲಿಕ್ ಅವರಲ್ಲೊಬ್ಬರು. ಕಾಲಿಗೆ ಗುಂಡು ಬಿದ್ದರೂ ಉಳಿದರು. ಸ್ವತಂತ್ರ ಭಾರತದ ರಾಯಭಾರಿಯಾಗಿ ಅದೇ ಫ್ರಾನ್ಸ್‌ಗೆ ಹೋದರು. ತಮ್ಮ ಯುದ್ಧದ ಬಗ್ಗೆ ಏನು ಅನ್ನಿಸುತ್ತದೆ ಅಂತ ಹೇಳಲು ಅವರಿಗೆ ಆಯುಸ್ಸು ಸಿಕ್ಕಿತು. ಲ್ಯಾಡಿಗೆ ಸಿಗಲಿಲ್ಲ. ಇಪ್ಪತ್ತೈದಕ್ಕೋ ಐವತ್ತಕ್ಕೋ ಅವನು ಮನಸ್ಸು ಬದಲಾಯಿಸಬಹುದಿತ್ತು. ನಾನು ಹತ್ತೊಂಬತ್ತರಲ್ಲಿ ನಂಬಿದ್ದರಲ್ಲಿ ಅರ್ಧ ಇವತ್ತು ನಂಬುವುದಿಲ್ಲ. ಯುದ್ಧ ಅವನಿಂದ ಅದನ್ನೂ ಕಿತ್ತುಕೊಂಡಿತು. ಭಾಷಣದಲ್ಲಿ ಇದನ್ನು ಹೇಳು. ನಾನು ಕೇಳಿದ ಎಷ್ಟೋ ಸಭೆಗಳಲ್ಲಿ ಇದನ್ನು ಯಾರೂ ಹೇಳಿಲ್ಲ.

ಇನ್ನು ಆ ಕೊನೆಯ ವಾಕ್ಯ. ನೀನು ಅದನ್ನು ಯಾಕೆ ಬರೆದೆ ಅಂತ ನನಗೆ ಗೊತ್ತು. ಆಗಸ್ಟ್‌ನಲ್ಲಿ ಬಸ್ಸಿನಲ್ಲಿ ಯಾರೋ ನಿನ್ನ ಮೇಲೆ ಕೂಗಾಡಿ, ನಿನ್ನ ದೇಶಕ್ಕೆ ಹೋಗು ಅಂದರಂತೆ. ನೀನು ನನಗೆ ಹೇಳಲಿಲ್ಲ. ಅಮ್ಮ ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ಸಾವಿರ ಮೈಲಿ ದೂರದಲ್ಲಿ ಕೂತು ನಾನು ಏನು ಮಾಡಲಿ? ಎದ್ದು ನೀರು ಕುಡಿದೆ, ಮತ್ತೆ ಮಲಗಿದೆ.

ಆ ನೋವಿನಲ್ಲಿ ನೀನು ಈ ಹುಡುಗನನ್ನು ಹಿಡಿದುಕೊಂಡೆ. ನೋಡಿ, ನಮ್ಮವನೂ ಸತ್ತಿದ್ದಾನೆ, ಈಗಲಾದರೂ ನಮ್ಮನ್ನು ಒಪ್ಪಿಕೊಳ್ಳಿ ಅಂತ. ಬೇಡ ಮಗು. ನೀನು ಆ ಊರಿನಲ್ಲಿ ಇರುವುದಕ್ಕೆ ಸತ್ತವನ ರಸೀದಿ ತೋರಿಸಬೇಕಾಗಿಲ್ಲ. ನಿನ್ನ ಅಮ್ಮ ಅಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅಪ್ಪ ತೆರಿಗೆ ಕಟ್ಟುತ್ತಾನೆ. ನೀನು ಅಲ್ಲಿ ಓದುತ್ತೀಯ, ಅಲ್ಲಿನ ಮಳೆಯಲ್ಲಿ ಫುಟ್‌ಬಾಲ್ ಆಡುತ್ತೀಯ. ಅಷ್ಟು ಸಾಕು. ಬಸ್ಸಿನಲ್ಲಿ ಕೂಗಿದ ಆ ಮನುಷ್ಯ ಲ್ಯಾಡಿ ಬದುಕಿದ್ದು ಆ ಸೀಟಿನಲ್ಲಿ ಕೂತಿದ್ದರೂ ಅವನ ಮೇಲೂ ಹಾಗೇ ಕೂಗುತ್ತಿದ್ದ. ಅಲ್ಲದೆ, ಇವತ್ತು ಪ್ರಾಣ ಕೊಟ್ಟವರ ಮಕ್ಕಳಿಗೆ ಹಕ್ಕಿದೆ ಅಂತ ನೀನು ಒಪ್ಪಿಕೊಂಡರೆ, ನಾಳೆ ಮನೆಯಲ್ಲಿ ಯಾರೂ ಸೈನಿಕರಿಲ್ಲದ ಒಬ್ಬ ಹುಡುಗಿ ಹೊಸದಾಗಿ ನಿನ್ನ ತರಗತಿಗೆ ಬಂದರೆ ಅವಳಿಗೆ ಏನು ಹೇಳುತ್ತೀಯ?

ಆ ಸಾಲು ತೆಗೆದುಬಿಡು. ಬಸ್ಸಿನ ವಿಷಯ ಹೇಳಬೇಕು ಅನ್ನಿಸಿದರೆ ಅದನ್ನು ಅದಾಗಿಯೇ ಹೇಳು, ಇನ್ನೊಂದು ದಿನ, ನಿನ್ನ ಹೆಸರಿನಲ್ಲೇ. ಅದಕ್ಕೂ ಒಳ್ಳೆಯ ಭಾಷಣ ಆಗುತ್ತದೆ. ಬರೆಯುವಾಗ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ನೀನು ಇನ್ನೊಂದು ವಿಷಯ ಕೇಳಿದ್ದೆ, ನಮ್ಮ ಕಡೆಯವರು ಯಾರೂ ಆ ಯುದ್ಧಕ್ಕೆ ಹೋಗಿರಲಿಲ್ವಾ ಅಂತ. ಹೋಗಿದ್ದರು. ಮೈಸೂರು ಲ್ಯಾನ್ಸರ್ಸ್ ಅಂತ ನಮ್ಮ ಮಹಾರಾಜರ ಕುದುರೆ ಪಡೆ. ಲ್ಯಾಡಿ ಹೋದ ಎರಡು ತಿಂಗಳಿಗೆ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಸುತ್ತ ವಾಹನಗಳ ಗಲಾಟೆ. ನಿಂತು ನೋಡುವವರು ಕಡಿಮೆ. ಆದರೆ ಅವರನ್ನು ಈ ಭಾಷಣಕ್ಕೆ ಎಳೆದು ತರಬೇಡ. ಐದು ನಿಮಿಷದಲ್ಲಿ ಒಬ್ಬನ ಬಗ್ಗೆ ಸರಿಯಾಗಿ ಹೇಳಿದರೆ ಅದೇ ದೊಡ್ಡದು. ಲ್ಯಾನ್ಸರ್ಸ್ ವಿಷಯ ನೀನು ರಜಕ್ಕೆ ಬಂದಾಗ. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಕಾರು ನಿಲ್ಲಿಸಿ ಇಬ್ಬರೂ ಇಳಿದು ನೋಡೋಣ.

ಫ್ರಾನ್ಸ್‌ನ ಎಸ್ತವೆಲ್ ಅನ್ನುವ ಹಳ್ಳಿಯ ಸ್ಮಶಾನದಲ್ಲಿ ಲ್ಯಾಡಿಯ ಸಮಾಧಿ ಇದೆ. ಲಂಡನ್ನಿನಿಂದ ಲೀಲ್ ಪಟ್ಟಣಕ್ಕೆ ರೈಲಿದೆಯಲ್ಲ, ಅಲ್ಲಿಂದ ಹೆಚ್ಚು ದೂರವಿಲ್ಲ. ಆ ಕಲ್ಲಿನ ಮೇಲೆ ಬಂಗಾಳಿಯಲ್ಲಿ ಬರೆದಿದೆ. ವೀರನ ಸಮಾಧಿ, ಗೌರವ ತೋರಿಸಿ, ಮುಟ್ಟಬೇಡಿ ಅನ್ನುವ ಅರ್ಥ. ಫ್ರಾನ್ಸ್‌ನ ಹಳ್ಳಿಯಲ್ಲಿ ಬಂಗಾಳಿ ಅಕ್ಷರ! ಆ ಹಳ್ಳಿಯವರಿಗೆ ಬಂಗಾಳಿ ಬರುವುದಿಲ್ಲ ಅಂತ ಬರೆಸಿದವರಿಗೆ ಗೊತ್ತಿತ್ತು. ಆದರೂ ಬರೆಸಿದರು. ನಮ್ಮಜ್ಜಿಗೆ ಮಗನ ಹೆಸರನ್ನು ತನಗೆ ಬೇಕಾದ ಹಾಗೆ ಬರೆಸಲು ಒಂದು ಕಲ್ಲೂ ಇರಲಿಲ್ಲ. ಅಪ್ಪ ಒಪ್ಪಿದರೆ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ ಬಾ. ಹೂವು ಇಡದಿದ್ದರೂ ಪರವಾಗಿಲ್ಲ. ಸ್ವಲ್ಪ ಹೊತ್ತು ನಿಂತುಕೋ. ನನ್ನ ಪರವಾಗಿಯೂ ನಿಂತುಕೋ.

ತಿದ್ದಿ ಬರೆದ ಮೇಲೆ ಮತ್ತೆ ಕಳಿಸು. ಮೊದಲ ಸಾಲು ಎಲ್ಲಿಂದ ಶುರುಮಾಡಲಿ ಅಂತ ಕೇಳಿದ್ದೆಯಲ್ಲ, ಬೈಕ್ ಮಾರಿದ್ದರಿಂದ ಶುರುಮಾಡು. ಅವನ ಹೆಸರನ್ನು ಬಂಗಾಳದವರು ಹೇಗೆ ಹೇಳುತ್ತಾರೆ ಅಂತ ನಿನ್ನ ಬಂಗಾಳಿ ಸ್ನೇಹಿತನ ಹತ್ತಿರ ಕೇಳಿ ಕಲಿತುಕೋ. ಹೆಸರು ತಪ್ಪಬಾರದು.

ಚಳಿ ಶುರುವಾಗಿರುತ್ತದೆ, ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಅಜ್ಜಿ ಹುರಿಗಡಲೆ ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ. ಎದುರು ಮನೆಯವರು ಮುಂದಿನ ವಾರ ಲಂಡನ್ನಿಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇವೆ. ಆ ಡಬ್ಬಿಯ ಜೊತೆ ಒಂದು ಸಣ್ಣ ಬಟ್ಟೆಯ ಗಂಟು ಇರುತ್ತದೆ. ಅದರಲ್ಲಿ ಆ ಬುಗುರಿ ಇದೆ. ಇಷ್ಟು ದಿನ ನಾನು ಇಟ್ಟುಕೊಂಡಿದ್ದೆ, ಇನ್ನು ನಿನ್ನ ಹತ್ತಿರ ಇರಲಿ. ಮೊಳೆ ಮಾತ್ರ ಹೊಡೆಯಬೇಡ.

ಇಂತಿ ನಿನ್ನ ಪ್ರೀತಿಯ
ತಾತ